ಎಳೆಗೈ

ನಮ್ಮ ಊರಿನಲ್ಲಿ ಹಿಟ್ಟು ತಾನಾಗಿ ಉಬ್ಬುವುದಿಲ್ಲ. ಗೋದಿ ಹಿಟ್ಟು, ಉಪ್ಪು, ನೀರು, ಹಿಂದಿನ ಸಲದಿಂದ ಉಳಿಸಿಟ್ಟ ಹುಳಿಹಿಟ್ಟಿನ ಒಂದು ಉಂಡೆ, ಎಲ್ಲ ಸೇರಿಸಿ ತೋಳು ಬೀಳುವ ತನಕ ನಾದಿದರೂ ಅದು ಬೋಗುಣಿಯ ತಳದಲ್ಲಿ ಹಟ ಹಿಡಿದು ಕೂತಿರುತ್ತದೆ. ಆಮೇಲೆ ಒಂದು ಮಗು ಬಂದು ಅಂಗೈಯನ್ನು ಅದರ ಮೇಲೆ ಊರಿ ಸ್ವಲ್ಪ ಹೊತ್ತು ನಿಲ್ಲಬೇಕು. ಆಗ ಏಳುತ್ತದೆ. ನಿದ್ದೆಯಿಂದ ಏಳುವವರ ಹಾಗೆ, ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು. ಅಂಥ ಕೈಗೆ ಎಳೆಗೈ ಎನ್ನುತ್ತಾರೆ. ಎಳೆಗೈ ಇರುವ ಓಣಿಗೆ ಮೆತ್ತನೆಯ ಬ್ರೆಡ್ಡು, ಇಲ್ಲದ ಓಣಿಗೆ ಒಣ ರೊಟ್ಟಿ.

ನಾನು ಹೊರಗಿನಿಂದ ಮದುವೆಯಾಗಿ ಬಂದವಳು. ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಓದಿದ್ದೆ. ಹಿಟ್ಟು ಯಾಕೆ ಉಬ್ಬುತ್ತದೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು. ಬಂದ ಹೊಸದರಲ್ಲಿ ಯಾರಿಗೂ ಹೇಳದೆ, ತವರಿನಿಂದ ತಂದಿದ್ದ ಯೀಸ್ಟ್ ಪುಡಿಯನ್ನು ಬೆಚ್ಚನೆಯ ನೀರಿಗೆ ಹಾಕಿ, ಸಕ್ಕರೆ ಬೆರೆಸಿ, ನೊರೆ ಬಂದದ್ದನ್ನು ಕಣ್ಣಾರೆ ನೋಡಿ ಹಿಟ್ಟಿಗೆ ಸುರಿದೆ. ನೊರೆ ಬಂದಿತ್ತು, ಹಿಟ್ಟು ಏಳಲಿಲ್ಲ. ಸಂಜೆ ನನ್ನ ಗಂಡ ಪಂಪಾಪತಿ ಅದನ್ನು ಬೆರಳಿನಿಂದ ಒತ್ತಿ ನೋಡಿ, ಹಿತ್ತಲ ಗೋಡೆಗೆ ಒಂದು ಕಲ್ಲು ಕಡಿಮೆ ಇತ್ತು, ಒಳ್ಳೆಯದಾಯಿತು ಎಂದ. ಪಕ್ಕದ ಮನೆಗೆ ಹೋಗಿ ಒಂದು ಮಗುವನ್ನು ಎತ್ತಿಕೊಂಡು ಬಂದ. ಅದು ಮೂಗು ಒರೆಸಿಕೊಂಡ ಕೈಯನ್ನೇ ಹಿಟ್ಟಿನ ಮೇಲಿಟ್ಟಿತು. ನಾನು ನೋಡುತ್ತಿದ್ದ ಹಾಗೆ ಹಿಟ್ಟು ಎದ್ದಿತು. ಅವತ್ತಿನಿಂದ ಯಾಕೆ ಎಂದು ಕೇಳುವುದನ್ನು ಬಿಟ್ಟೆ.

ಕೈ ಎಳೆಯದಾಗಿರುವುದು ವಯಸ್ಸಿನಿಂದ ಅಲ್ಲ ಎಂದು ಊರಿನ ನಂಬಿಕೆ. ಸಾವು ಎನ್ನುವುದು ಒಂದಿದೆ ಎಂದು ಮಗುವಿಗೆ ಗೊತ್ತಾಗುವ ತನಕ ಕೈ ಎಳೆಯದು. ಗೊತ್ತಾದ ದಿನ ಬಲಿಯುತ್ತದೆ. ಅದಕ್ಕೇ ನಮ್ಮ ಊರಿನಲ್ಲಿ ಮಕ್ಕಳ ಎದುರು ಯಾರೂ ಸಾಯುವುದಿಲ್ಲ. ಎಲ್ಲರೂ ಮೇಲಿನೂರಿಗೆ ಹೋಗುತ್ತಾರೆ. ಚಾಪೆಯಲ್ಲಿ ಸುತ್ತಿದ ಹೆಣ ಗೋದಿ ಚೀಲಗಳ ಕೆಳಗೆ ಮಲಗಿ ಊರ ಹೊರಗಿನ ದಾರಿಯಲ್ಲಿ ಗಾಡಿಯಲ್ಲಿ ಹೋಗುತ್ತದೆ. ಹಿಂದೆ ನಡೆಯುವ ಗಂಡಸರ ಕೈಯಲ್ಲಿ ಸಂತೆಯ ಚೀಲ ಇರುತ್ತದೆ. ಹಲಗೆ ಬಾರಿಸುವುದಿಲ್ಲ, ಯಾರೂ ದನಿ ತೆಗೆದು ಅಳುವುದಿಲ್ಲ. ಹೆಂಗಸರು ಕಾಳಿನ ಕೋಣೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತು, ಮುಖ ತೊಳೆದು ಹೊರಗೆ ಬರುತ್ತಾರೆ. ಸತ್ತ ಕಾಗೆ, ನಾಯಿಗಳನ್ನು ಬೆಳಕು ಹರಿಯುವ ಮೊದಲೇ ಪುರಸಭೆಯವರು ಎತ್ತುತ್ತಾರೆ. ಅಜ್ಜಿಯರು ಹೇಳುವ ಕಥೆಗಳಲ್ಲಿ ಕೊನೆಗೆ ರಾಕ್ಷಸ ಸಾಯುವುದಿಲ್ಲ, ತಂಗಿಯ ಮನೆಗೆ ಹೋಗಿ ಅಲ್ಲೇ ಉಳಿಯುತ್ತಾನೆ. ಆ ತಂಗಿಯ ಮನೆ ಎಷ್ಟು ದೊಡ್ಡದಿರಬೇಕು ಎಂದು ನನ್ನ ಮಗಳು ಚಂಪಾ ಒಮ್ಮೆ ಕೇಳಿದ್ದಳು.

ಎಷ್ಟು ಕಾದರೂ ಒಂದು ದಿನ ಮಗುವಿಗೆ ಗೊತ್ತಾಗಿಬಿಡುತ್ತದೆ. ಅದು ಪ್ರಶ್ನೆ ಕೇಳುವ ರೀತಿಯಲ್ಲೇ ದೊಡ್ಡವರಿಗೆ ತಿಳಿಯುತ್ತದೆ. ಆಗ ಅದರ ಕೈಯನ್ನು ಅರಿಸಿನದ ನೀರಿನಲ್ಲಿ ತೊಳೆದು, ಒಂದು ಹೆಂಟೆ ಬೆಲ್ಲ ಕೊಟ್ಟು, ಅದು ಹತ್ತಿ ನಿಲ್ಲುತ್ತಿದ್ದ ಮಣೆಯನ್ನು ಎತ್ತಿ ಅಟ್ಟಕ್ಕೆ ಹಾಕುತ್ತಾರೆ. ಬಲಿತ ಕೈ ಹಿಟ್ಟು ನಾದಬಹುದು, ಎಬ್ಬಿಸುವ ಹೊತ್ತಿಗೆ ದೂರ ಸರಿಯಬೇಕು. ಚಂಪಾಳಿಗೆ ಐದು ತುಂಬಿದ ಬೇಸಿಗೆಯಲ್ಲಿ ಎದುರು ಮನೆಯ ಕಳಕವ್ವನ ಮೊಮ್ಮಗ, ಗಿಡುಗವೊಂದು ಪಾರಿವಾಳವನ್ನು ಹರಿಯುವುದನ್ನು ಕಂಡು, ಬೆಲ್ಲ ತಿಂದ. ಅಲ್ಲಿಗೆ ನಮ್ಮ ಓಣಿಗೆ ಉಳಿದದ್ದು ಚಂಪಾ ಒಬ್ಬಳೇ.

ಅದೇ ಬೇಸಿಗೆಯ ಕೊನೆಗೆ ಪಂಪಾಪತಿ ಬಿತ್ತನೆಯ ಗೋದಿ ತರಲು ಮೂಡಣ ಸೀಮೆಗೆ ಹೋದ. ಅಲ್ಲಿ ಜ್ವರ ಬಂತು. ಜೊತೆಗೆ ಹೋದ ಗೆಳೆಯ ಅವನನ್ನು ಅಲ್ಲೇ ಮಣ್ಣು ಮಾಡಿ, ಒಬ್ಬನೇ ತಿರುಗಿ ಬಂದು ನಮ್ಮ ಬಾಗಿಲಲ್ಲಿ ನಿಂತ. ಚಂಪಾ ಹೊಸ್ತಿಲಲ್ಲಿ ಕೂತು ಬಳೆಚೂರು ಜೋಡಿಸುತ್ತಿದ್ದಳು. ಅವನು ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಪಂಪಾಪತಿ ಅಲ್ಲೇ ಉಳಕೊಂಡ್ರಿ ಎಂದ. ನನಗೆ ಅರ್ಥವಾಯಿತು. ನನ್ನ ಅತ್ತೆ ನೀಲಗಂಗವ್ವ ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದರು. ಅವರು ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ.

ಮಧ್ಯಾಹ್ನ ಚಂಪಾ ಮಲಗಿದ ಮೇಲೆ ಓಣಿಯ ಹೆಂಗಸರು ಬಂದು ಸುತ್ತ ಕೂತರು. ಕಳಕವ್ವ ನನ್ನ ಕೈ ಹಿಡಿದುಕೊಂಡಳು. "ನಿನ್ನ ದುಃಖ ಸಣ್ಣದಂತ ಯಾರೂ ಅನ್ನಂಗಿಲ್ಲ ತಂಗಿ. ಆದರ ನಮ್ಮ ಓಣ್ಯಾಗ ಇನ್ನೊಂದು ಕೈ ಇಲ್ಲ. ಮತ್ತೊಂದು ಕೂಸು ಕೈ ಇಡೂವಷ್ಟು ದೊಡ್ಡದಾಗೂತನಕ ನೀ ಬಳಿ ತೆಗೀಬ್ಯಾಡ, ಕುಂಕುಮ ಅಳಿಸಬ್ಯಾಡ. ಹುಡುಗಿ ಕೇಳಿದ್ರ ಬೀಜ ಹುಡುಕಾಕ ಹೋಗ್ಯಾನ ಅನ್ನು." ಬೇರೆ ಊರುಗಳಲ್ಲಿ ಹೆಂಗಸರು ಹೀಗೆಯೇ ಸುತ್ತ ಕೂತು ಬಳೆ ಒಡೆಯುತ್ತಾರೆ. ಇಲ್ಲಿ ಇಟ್ಟುಕೋ ಎನ್ನುತ್ತಿದ್ದರು. ಎರಡರ ಬಗ್ಗೆಯೂ ಓದುವ ಕಾಲದಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಆಗಲಿ ಎಂದು ತಲೆಯಾಡಿಸಿದೆ. ಅದು ನನಗೆ ಕಷ್ಟವೂ ಆಗಲಿಲ್ಲ, ಸುಲಭವೂ ಆಗಲಿಲ್ಲ. ಮರಗಟ್ಟಿದ ಕಾಲನ್ನು ಬೇರೆಯವರು ಎತ್ತಿಟ್ಟ ಹಾಗೆ ಇತ್ತು.

ಚಂಪಾ ಒಂದು ಸಲ ಕೇಳಿದಳು. ಬೀಜ ಹುಡುಕಾಕ ಹೋಗ್ಯಾನ ಎಂದೆ. ಅವಳು ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ಹೌದಾ ಎಂದು ಆಡಲು ಹೋದಳು. ಮತ್ತೆ ಕೇಳಲಿಲ್ಲ. ಅಪ್ಪ ಎನ್ನುವ ಮಾತು ಅವಳ ಬಾಯಿಂದ ಬರುವುದೇ ಕಡಿಮೆಯಾಯಿತು. ಮಕ್ಕಳು ಬೇಗ ಮರೆಯುತ್ತವೆ ಎಂದು ಕಳಕವ್ವ ಸಮಾಧಾನ ಹೇಳಿದಳು.

ಬ್ರೆಡ್ಡು ಸುಡುವ ದಿನಗಳು ಬಂದು ಹೋದವು. ಅಂಥ ದಿನ ಬೆಳಿಗ್ಗೆ ಮೊದಲು ನಮ್ಮ ಮನೆಯ ಹಿಟ್ಟು, ಆಮೇಲೆ ಓಣಿಯವರದು. ಹಿತ್ತಲಿನಲ್ಲಿ ಮಣ್ಣಿನ ಗೂಡೊಲೆ ಇದೆ, ಒಳಗೆ ಒಬ್ಬ ಮನುಷ್ಯ ಮುದುಡಿ ಕೂರುವಷ್ಟು ದೊಡ್ಡದು. ಅತ್ತೆ ಅದಕ್ಕೆ ಕಟ್ಟಿಗೆ ಹಾಕುವ ಹೊತ್ತಿಗೆ ನಾನು ಮತ್ತು ಚಂಪಾ ಅಡುಗೆಮನೆಯಲ್ಲಿ ಹಿಟ್ಟಿಗೆ ಕೂರುತ್ತಿದ್ದೆವು. ನೀರು ಹಾಕುವುದು ಅವಳ ಕೆಲಸ. ಅವಳದೇ ಹಿತ್ತಾಳೆಯ ಲೋಟ ಇತ್ತು. ಸುರಿಯುವ ಮೊದಲು ನೀರಿಗೆ ಕಿರುಬೆರಳು ಅದ್ದಿ ನೋಡುತ್ತಿದ್ದಳು, ಕೂಸಿಗೆ ಸ್ನಾನದ ನೀರು ನೋಡುವವರ ಹಾಗೆ. ನಾನು ನಾದುವಾಗ ಬೋಗುಣಿ ಜಾರದಂತೆ ಎರಡೂ ಕಾಲಿನಿಂದ ಒತ್ತಿ ಹಿಡಿಯುತ್ತಿದ್ದಳು. ಹಿಟ್ಟು ನಯವಾದಾಗ ನನಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಸಾಕು, ಮಾತು ಕೇಳಾಕ ಹತ್ತೈತಿ, ಎನ್ನುತ್ತಿದ್ದಳು. ಆಮೇಲೆ ಮಣೆ ಹತ್ತಿ ನಿಂತು, ಕೈ ಊರಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಹಿಟ್ಟು ಏಳುತ್ತಿತ್ತು. ಅದನ್ನು ನೋಡಿದಾಗ ಮಾತ್ರ ನನ್ನೊಳಗೆ ಎಲ್ಲೋ ಒಂದು ನೂಲಿನಷ್ಟು ಅಲುಗುತ್ತಿತ್ತು. ಬಾಗಿಲಿನಾಚೆ ಯಾರೋ ನಡೆದು ಹೋದ ಹಾಗೆ. ಅಷ್ಟೇ.

ಹಿಟ್ಟು ಎದ್ದ ಮೇಲೆ ಅವಳು ಒಂದು ತುಂಡು ಕಿತ್ತು, ತನ್ನ ಮುಷ್ಟಿಯಷ್ಟು ಒಂದು ಪುಟ್ಟ ಬ್ರೆಡ್ಡು ಮಾಡಿ ನೆತ್ತಿಗೆ ಹೆಬ್ಬೆರಳು ಒತ್ತುತ್ತಿದ್ದಳು. ಅದು ಅಪ್ಪನದು. ಬೆಂದ ಮೇಲೆ, ಗಾಡಿಯವನ ಕೈಲಿ ಕಳಿಸ್ತೀನಿ ಎಂದು ಅತ್ತೆ ಅದನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಿದ್ದರು. ಎಲ್ಲಿಗೆ ಕಳಿಸುವುದು. ಎಸೆಯಲು ಮನಸ್ಸಾಗದೆ ನಾನು ಗೂಡೊಲೆಯ ಹಿಂದೆ ನಿಂತು ತಿಂದುಬಿಡುತ್ತಿದ್ದೆ. ರುಚಿ ತಿಳಿಯುತ್ತಿರಲಿಲ್ಲ. ಬರಬರುತ್ತಾ ಬ್ರೆಡ್ಡು ಸುಡದ ದಿನವೂ ಅವಳು ಹಿಂದಿನ ಹಿಟ್ಟಿನಲ್ಲಿ ಒಂದು ಮುಷ್ಟಿ ಎತ್ತಿಟ್ಟುಕೊಂಡು ಬೆಳಿಗ್ಗೆ ಸಂಜೆ ಅಪ್ಪನಿಗೆ ಅಂತ ಕೆಂಡದ ಮೇಲೆ ಬೇಯಿಸತೊಡಗಿದಳು. ಮಗುವಿಗೆ ತಂದೆಯ ಹಂಬಲ ಎಂದು ಅತ್ತೆ ಕಾಳಿನ ಕೋಣೆಗೆ ಹೋಗುತ್ತಿದ್ದರು. ನಾನು ಒಲೆಯ ಹಿಂದೆ.

ಮಳೆ ನಿಂತು ಚಳಿ ಶುರುವಾದ ಒಂದು ಬೆಳಿಗ್ಗೆ. ಹಿಟ್ಟು ನಾದಿ ಆಗಿತ್ತು. ಚಂಪಾಳ ಕೈ ಹಿಟ್ಟಿನ ಮೇಲಿತ್ತು, ಹಿಟ್ಟು ಮೆಲ್ಲನೆ ಮೇಲೆ ಬರುತ್ತಿತ್ತು. ಅವಳು ಕೈ ತೆಗೆದು, ಮಣೆ ಇಳಿದು, ಒರೆಸಿಕೊಂಡು ಹೊರಟಳು. ಅಪ್ಪಂದು ಮಾಡಲಿಲ್ಲಲ್ಲ ಎಂದೆ. ಇವತ್ತು ಬ್ಯಾಡ ಎಂದಳು. ಯಾಕೆ ಎಂದು ಕೇಳಿದೆ.

"ನಿನ್ನೆ ನೀ ಪಲ್ಯ ಎರಡು ಸಲ ನೀಡಿಸಿಕೊಂಡಿ."

ನನಗೆ ಅರ್ಥವಾಗಲಿಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. ಅವಳು ದಡ್ಡರಿಗೆ ಲೆಕ್ಕ ಹೇಳಿಕೊಡುವವಳ ಹಾಗೆ ನನ್ನ ಎದುರು ಬಂದು ನಿಂತಳು.

"ಅಪ್ಪ ಎಲ್ಲಿ ತಿಂತಾನ? ಅವ ಸತ್ತಾನಲ್ಲ. ಒಲಿ ಹಿಂದ ನಿಂತು ನೀ ತಿಂತಿದ್ದಿ. ಬ್ಯಾರೆ ಏನೂ ತಿಂತಿದ್ದಿಲ್ಲ, ಅದಕ ಮಾಡತಿದ್ದೆ."

ಆ ಮಾತನ್ನು ಆ ಅಡುಗೆಮನೆಯಲ್ಲಿ ಯಾರೂ ಆಡಿರಲಿಲ್ಲ. ನಾನು ಮನಸ್ಸಿನಲ್ಲೂ ಆಡಿಕೊಂಡಿರಲಿಲ್ಲ. ಅವಳು ಅದನ್ನು ಉಪ್ಪು ಕೊಡು ಎನ್ನುವಷ್ಟು ಸರಳವಾಗಿ ಹೇಳಿದಳು. ನಾನು ಕೂತಿದ್ದಲ್ಲಿಂದ ಹಿಟ್ಟನ್ನು ನೋಡಿದೆ. ಅದು ಬೋಗುಣಿಯ ಅಂಚು ದಾಟಿ, ತುಂಬಿದ ಕೆನ್ನೆಯ ಹಾಗೆ ಹೊಳೆಯುತ್ತಿತ್ತು.

ನಿನಗ ಯಾರು ಹೇಳಿದ್ರು ಎಂದು ಕೇಳಿದೆ. ಯಾರೂ ಹೇಳಲಿಲ್ಲವಂತೆ. ಆ ಮಾಮ ಬಾಗಿಲಿಗೆ ಬಂದ ದಿನ ಅಜ್ಜಿ ಬೇಳೆ ಆರಿಸುತ್ತಿದ್ದಳಲ್ಲ, ಕಲ್ಲನ್ನೆಲ್ಲ ತಟ್ಟೆಯಲ್ಲಿ ಇಟ್ಟುಕೊಂಡು ಬೇಳೆಯನ್ನು ಹೊರಗೆ ಎಸೆಯುತ್ತಿದ್ದಳಂತೆ. ಹಾಗೆ ಮಾಡುವಷ್ಟು ದೊಡ್ಡದು ಏನೋ ಆಗಿದೆ ಎಂದು ಇವಳಿಗೆ ತಿಳಿಯಿತು. ಆ ದೊಡ್ಡದಕ್ಕೆ ಏನು ಹೆಸರು ಎಂದು ಕಳಕವ್ವನ ಮೊಮ್ಮಗನನ್ನು ಕೇಳಿ ತಿಳಿದುಕೊಂಡಳು. ಅಂದರೆ ಮೊದಲ ದಿನವೇ. ಅಲ್ಲಿಂದ ಇಲ್ಲಿಯ ತನಕ ಓಣಿಯ ಅಷ್ಟೂ ಮನೆಗಳ ಬ್ರೆಡ್ಡು ಎದ್ದದ್ದು ಎಲ್ಲ ತಿಳಿದ ಕೈಯ ಕೆಳಗೆ. ಮುದುಕರು ಹಾಲಿನಲ್ಲಿ ಅದ್ದಿಕೊಂಡು ತಿಂದದ್ದು, ಬಾಣಂತಿಯರಿಗೆ ಕೊಟ್ಟದ್ದು, ಪೂಜೆಗೆ ಇಟ್ಟದ್ದು ಎಲ್ಲವೂ.

ಮತ್ತೆ ಇಷ್ಟು ದಿನ ಯಾಕ ಸುಮ್ಮನಿದ್ದಿ ಎಂದೆ. ನೀವೆಲ್ಲಾ ಹೆದರಿಕೊಂಡಿದ್ರಿ ಎಂದಳು. ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ಮಣೆಯ ಮೇಲಿನ ಒಣ ಹಿಟ್ಟನ್ನು ಕೆರೆಯುತ್ತ ನಿಂತು, ನನ್ನ ಕಡೆ ನೋಡದೆ ಕೇಳಿದಳು.

"ಅವ್ವಾ, ಇನ್ನ ಅಪ್ಪನ ಮಾತು ಆಡಬಹುದಾ?"

ಬಾಗಿಲಲ್ಲಿ ಕಟ್ಟಿಗೆ ನೆಲಕ್ಕೆ ಇಳಿದ ಸದ್ದಾಯಿತು. ಅತ್ತೆ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಮೊದಲು ಹಿಟ್ಟನ್ನು ನೋಡಿದರು, ಆಮೇಲೆ ಮೊಮ್ಮಗಳ ಕೈಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನ ಹತ್ತಿರ ಕೂತು ಪಿಸುದನಿಯಲ್ಲಿ ಹೇಳಿದ್ದು ಇಷ್ಟು. ಹೊಟ್ಟೆಯಲ್ಲಿಟ್ಟುಕೋ. ಓಣಿಯವರಿಗೆ ಗೊತ್ತಾದರೆ ಇವತ್ತೇ ಅರಿಸಿನದ ನೀರು ತರುತ್ತಾರೆ, ಮಣೆ ಅಟ್ಟಕ್ಕೆ ಹೋಗುತ್ತದೆ. ಉಬ್ಬುತ್ತದೆ ಎಂದು ನಾವು ಎಷ್ಟು ಹೇಳಿದರೂ ಯಾರು ಕೈ ಇಡಲು ಬಿಡುತ್ತಾರೆ, ಇಂದಿನ ತನಕ ಯಾರು ಬಿಟ್ಟಿದ್ದಾರೆ. "ಉಬ್ಬತೈತಲ್ಲ ವಾಸಂತಿ. ಉಬ್ಬಲಿ. ನನಗ ಉಳದಿದ್ದು ಇದರ ಕೈಯಾಗಿನ ತುತ್ತೊಂದಽ."

ಅವರು ಬೇಡಿಕೊಳ್ಳುತ್ತಿದ್ದರು. ಅವರು ಹೇಳುವುದು ಸುಳ್ಳೂ ಆಗಿರಲಿಲ್ಲ. ಸುಮ್ಮನಿದ್ದರೆ ಎಲ್ಲವೂ ಇದ್ದ ಹಾಗೆಯೇ ನಡೆಯುತ್ತಿತ್ತು. ಚಂಪಾ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅತ್ತೆಯ ಮಾತು ಕೇಳುತ್ತಾ ಕೇಳುತ್ತಾ ಅವಳ ಮುಖ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಹಲವು ತಿಂಗಳಿಂದ ನಾನು ನೋಡುತ್ತ ಬಂದ ಮುಖ ಅದೇ. ಒಳ್ಳೆಯ ಮಗು, ಹಟ ಮಾಡುವುದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದ ಮುಖ. ಅದು ಮಗುವಿನ ಮುಖ ಆಗಿರಲಿಲ್ಲ. ಕಾಳಿನ ಕೋಣೆಯಿಂದ ತೊಳೆದುಕೊಂಡು ಹೊರಬಂದ ಹೆಂಗಸಿನ ಮುಖ ಆಗಿತ್ತು.

ಹೊರಗೆ ಓಣಿಯವರು ಬರುತ್ತಿದ್ದರು. ಒದ್ದೆ ಬಟ್ಟೆ ಮುಚ್ಚಿದ ಬೋಗುಣಿಗಳನ್ನು ತಲೆಯ ಮೇಲೆ, ಸೊಂಟದ ಮೇಲೆ ಹೊತ್ತು ತಂದು ಹಿತ್ತಲ ಗೋಡೆಯುದ್ದಕ್ಕೂ ಬಿಸಿಲಿಗೆ ಇಡುವುದು ವಾಡಿಕೆ. ಎಂದಿನ ಹಾಗೆ ಮಾತು ನಡೆದಿತ್ತು. ನಮ್ಮ ಮನಿ ಹಿಟ್ಟು ನಿಮ್ಮ ಮಾವ ಇದ್ದಂಗ, ಎಷ್ಟು ಕರದ್ರೂ ಏಳಂಗಿಲ್ಲ ಎಂದು ಒಬ್ಬಳು. ಹಿಟ್ಟಿಗೆ ಚಂಪಾ ಅದಾಳ, ಮಾವಗ ಯಾರದಾರ ಎಂದು ಇನ್ನೊಬ್ಬಳು. ಚಂಪಾಳನ್ನು ಕೈ ಹಿಡಿದು ನಾನೇ ಹೊರಗೆ ಕರೆತಂದೆ. ಮಣೆಯನ್ನು ಕಳಕವ್ವನ ಬೋಗುಣಿಯ ಎದುರು ಹಾಕಿದೆ. ಅವಳದೇ ಎಲ್ಲಕ್ಕಿಂತ ದೊಡ್ಡದು. ಚಂಪಾ ಹತ್ತಿ ನಿಂತು, ಬಟ್ಟೆ ಸರಿಸಿ, ಕೈ ಊರಿದಳು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

"ಚಂಪಾ, ನಿಮ್ಮಪ್ಪ ಹೆಂಗ ಸತ್ತ ಅನ್ನೂದು ಹೇಳ್ತೀನಿ, ಕೇಳು," ಎಂದೆ.

ಕಳಕವ್ವ ಓಡಿ ಬಂದು ಹಿಂದಿನಿಂದ ಎರಡೂ ಕೈಗಳಿಂದ ಚಂಪಾಳ ಕಿವಿ ಮುಚ್ಚಿದಳು. ಒಬ್ಬಳು ತನ್ನ ಬೋಗುಣಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ನಾನು ನಿಲ್ಲಿಸಲಿಲ್ಲ. ಜ್ವರ ಬಂದದ್ದು, ಛತ್ರದಲ್ಲಿ ಮಲಗಿದ್ದು, ನೀರು ಕೇಳಿದ್ದು, ಗೆಳೆಯ ನೀರು ತರುವಷ್ಟರಲ್ಲಿ ಹೋಗಿಬಿಟ್ಟದ್ದು, ಹುಣಸೆ ಮರದ ಹತ್ತಿರ ಮಣ್ಣು ಮಾಡಿದ್ದು, ಗೆಳೆಯನಿಂದ ತುಂಡು ತುಂಡಾಗಿ ಕೇಳಿ ತಿಳಿದದ್ದನ್ನೆಲ್ಲ ಒಂದರ ಹಿಂದೆ ಒಂದು ಹೇಳಿದೆ. ಹೇಳುತ್ತಾ ಹೋದ ಹಾಗೆ ಅದು ನನಗೂ ಮೊದಲ ಸಲ ಆಗುತ್ತಿತ್ತು. ಮುಗಿದಾಗ ಕಳಕವ್ವ ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಇಡೀ ಓಣಿಯ ಬಾಯಿಗೆ ಮಣ್ಣು ಹಾಕಿದ್ಯಲ್ಲ ಎಂದು ಅವಳ ತುಟಿ ಅಲುಗಿತು.

ಚಂಪಾ ಅವಳ ಕೈಗಳ ನಡುವಿನಿಂದಲೇ ಹೇಳಿದಳು. "ಆಯಿ, ಕೈ ತಗಿ. ನಿನ್ನ ಹಿಟ್ಟು ನೋಡು."

ಹಿಟ್ಟಿನ ಒಂದು ಮಗ್ಗುಲು ಎದ್ದಿತ್ತು. ನಾವು ನೋಡುತ್ತಿದ್ದ ಹಾಗೆ ಇನ್ನೊಂದು ಎದ್ದಿತು. ಹಿಟ್ಟು ಚಂಪಾಳ ಬೆರಳುಗಳ ಸಂದಿನಲ್ಲಿ ತುಂಬಿ, ಅವಳ ಅಂಗೈಯನ್ನೇ ಎತ್ತಿಕೊಂಡು, ಅಂಚಿನ ಮೇಲೆ ಬಂದು ನಿಂತಿತು. ಕಳಕವ್ವ ಅವಳ ಕಿವಿಯಿಂದ ಕೈ ತೆಗೆದು ಆ ಕೈಗಳನ್ನೇ ನೋಡಿಕೊಂಡಳು. ನೋಡುತ್ತಾ ನೆಲಕ್ಕೆ ಕೂತಳು. ಚಿಕ್ಕವಳಿದ್ದಾಗ ತನ್ನ ತಮ್ಮ ಬಾವಿಗೆ ಬಿದ್ದು ಸತ್ತ ದಿನ ತನಗೆ ಬೆಲ್ಲ ಕೊಟ್ಟು ಜಗಲಿಯಲ್ಲಿ ಕೂರಿಸಿದ್ದರಂತೆ. ಆವತ್ತಿನಿಂದ ಅವನ ಹೆಸರು ಎತ್ತಿಲ್ಲವಂತೆ. ಅದನ್ನು ಅವಳು ಯಾರಿಗೂ ಹೇಳಿದ್ದಲ್ಲ, ತನ್ನ ಅಂಗೈಗೆ ಹೇಳಿಕೊಂಡದ್ದು. ಆಮೇಲೆ ಆ ಹೆಸರನ್ನು ಹೇಳಿದಳು. ಅಮರಪ್ಪ.

ಆಗ ನನ್ನ ಅತ್ತೆ ಬಾಗಿಲು ಬಿಟ್ಟು ಬಂದರು. ಬಿಸಿಲಿನಲ್ಲಿ ನಡೆದು ಬಂದು ಗೋಡೆಯ ಬುಡದಲ್ಲಿ ಮೊಣಕಾಲೂರಿ ಕೂತು, ಎದುರಿಗೆ ಸಿಕ್ಕಿದ ಯಾರದೋ ಬೋಗುಣಿಯ ಮೇಲೆ ಎರಡೂ ಕೈ ಊರಿದರು. ಊರಿನ ಒಬ್ಬರೂ ಅವರನ್ನು ತಡೆಯಲಿಲ್ಲ. ಮೊದಲು ಮಗನ ಹೆಸರು ಒಂದೇ ಬಂತು, ಮಕ್ಕಳನ್ನು ಊಟಕ್ಕೆ ಕರೆಯುವ ಹಾಗೆ. ಆಮೇಲೆ ದನಿ ಎತ್ತಿ ಹಾಡಿಕೊಂಡು ಅಳತೊಡಗಿದರು.

"ಬೀಜ ತರಾಕ ಹೋದವನ, ನೀನಽ ಮಣ್ಣಿಗೆ ಬಿದ್ದೆಲ್ಲೋ ನನ್ನಪ್ಪಾ."

ಆ ಓಣಿಯಲ್ಲಿ ಅಂಥ ದನಿಯನ್ನು ಬದುಕಿದ್ದವರು ಯಾರೂ ಕೇಳಿರಲಿಲ್ಲ. ಮನೆಮನೆಯಿಂದ ಜನ ಬಂದರು. ಮಕ್ಕಳು ಬಂದವು, ಅವುಗಳ ಕಣ್ಣು ಮುಚ್ಚುವುದನ್ನು ತಾಯಂದಿರು ಮರೆತರು. ದನಿ ಏರಿದಂತೆ ಗೋಡೆಯುದ್ದಕ್ಕೂ ಸಾಲಾಗಿ ಇಟ್ಟ ಬೋಗುಣಿಗಳಲ್ಲಿ, ಯಾವ ಕೈಯೂ ತಾಗದೆ, ಒದ್ದೆ ಬಟ್ಟೆಗಳು ಒಂದೊಂದಾಗಿ ಮೇಲೆದ್ದವು. ಈ ತುದಿಯಿಂದ ಆ ತುದಿಯ ತನಕ. ಕೊನೆಯ ಬೋಗುಣಿಯ ಹೆಂಗಸು ಹಿಂದಕ್ಕೆ ಸರಿದು ಕೈ ಮುಗಿದಳು. ನಾನು ಓದಿದ ಯಾವ ಪುಟದಲ್ಲೂ ಇದಕ್ಕೆ ಜಾಗ ಇರಲಿಲ್ಲ. ಜಾಗ ಹುಡುಕುವ ಮನಸ್ಸೂ ನನಗಿರಲಿಲ್ಲ. ಕತ್ತಿನ ತನಕ ಒದ್ದೆಯಾಗಿದೆ ಎಂದು ಚಂಪಾ ನನ್ನ ಸೆರಗಿನಿಂದ ಒರೆಸಿದಾಗಲೇ ನಾನು ಅಳುತ್ತಿದ್ದೇನೆ ಎಂದು ಗೊತ್ತಾದದ್ದು.

"ಅಜ್ಜಿ ಅಳಲಿ ಬಿಡು," ಎಂದಳು. "ಒಲಿ ಕಾದೈತಿ."

ಇಬ್ಬರೂ ಬ್ರೆಡ್ಡುಗಳನ್ನು ಉದ್ದನೆಯ ಹಲಗೆಯ ಮೇಲಿಟ್ಟು ಗೂಡೊಲೆಯ ಒಳಗೆ ತಳ್ಳಿದೆವು. ಬಾಯಿಗೆ ಕಲ್ಲು ಮುಚ್ಚಿದೆವು. ಕಾವಿಗೆ ಅವಳ ಕೆನ್ನೆ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಬ್ರೆಡ್ಡಿನ ವಾಸನೆ ಬಂತು, ಎಷ್ಟೋ ತಿಂಗಳ ಮೇಲೆ ಅದು ನನ್ನ ಮೂಗಿಗೆ ತಿಳಿಯಿತು. ನಾನು ಕಲ್ಲು ಸರಿಸಲು ಬಗ್ಗಿದಾಗ ಅವಳು ನನ್ನ ಮಣಿಕಟ್ಟು ಹಿಡಿದು ತಡೆದಳು. ಈಗ ಅವಳ ಮುಖ ಐದು ವರ್ಷದ ಮುಖವಾಗಿತ್ತು, ಏನೋ ಹೇಳಲು ತಡೆಯಲಾರದೆ ಕಾಲು ಕುಣಿಸುತ್ತಿದ್ದಳು.

"ಅಪ್ಪಗ ತಳ ಕರಕಾಗಿದ್ದಽ ಸೇರತಿತ್ತು. ನೆನಪೈತಿ ನಿನಗ?"

ನೆನಪೈತಿ ಎಂದೆ. ಇನ್ನಷ್ಟು ಹೊತ್ತು ಒಳಗೇ ಬಿಟ್ಟೆವು.